ಡ್ರೈವರ್ ಪಾಸು, ಗಾಡಿ ಫೇಲು

ಅತ್ತಿಗೆ ಗುಡುಗನ ಸುದ್ದಿ ಮೊದಲು ಕೇಳಿದ್ದು ಗಂಡನ ಬಾಯಿಂದ, ಅದೂ ಊಟಕ್ಕೆ ಕೂತಾಗ.

ಗಂಡ ಬಂದರಿನಲ್ಲಿ ಲಾರಿ ಓಡಿಸುತ್ತಿದ್ದ. ಮಾತು ಕಡಿಮೆ. ಉಪ್ಪು ಬೇಕಾದರೂ ಕಣ್ಣಲ್ಲೇ ಕೇಳುವ ಮನುಷ್ಯ. ಅಂಥವನು ಅವತ್ತು ತಟ್ಟೆ ಮುಂದೆ ಕೂತು, "ಇನ್ನೊಂದು ಸೌಟು ಹಾಕು" ಅಂತ ಪಕ್ಕದ ಮನೆಯವರು ಕಿಟಕಿ ತೆಗೆದು ಇಣುಕುವಷ್ಟು ಜೋರಾಗಿ ಹೇಳಿದ.

"ಯಾಕೆ ಹಾಗೆ ಕೂಗ್ತೀರಿ? ನಾನೇನು ಆಚೆ ದಡದಲ್ಲಿ ನಿಂತಿದ್ದೀನಾ?"

"ಕೂಗಿದ್ನಾ?" ಅದನ್ನೂ ಅವನು ಕೂಗಿಯೇ ಕೇಳಿದ. ಆಮೇಲೆ ಕಿವಿಯಲ್ಲಿ ಕಿರುಬೆರಳು ಆಡಿಸಿಕೊಂಡು ಸಂಗತಿ ಹೇಳಿದ. ಲೈನಿಗೆ ಹೊಸಬನೊಬ್ಬ ಬಂದಿದ್ದಾನೆ. ಅವನ ಲಾರಿಯ ಸೈಲೆನ್ಸರ್ ತುಕ್ಕು ಹಿಡಿದು ಯಾವ ಕಾಲದಲ್ಲೋ ಉದುರಿಹೋಗಿದೆ. ಧಣಿ ಹೊಸದು ಹಾಕಿಸುವುದಿಲ್ಲ, ಇವನು ಹಾಕಿಸಿ ಅಂತ ಕೇಳುವುದೂ ಇಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವನ ಬೆನ್ನಿಗೇ ನಿಲ್ಲಬೇಕಾಯಿತಂತೆ.

"ಮನುಷ್ಯ ಹೇಗಿದ್ದಾನೆ?"

"ಗಾಡಿಗಿಂತ ಜೋರು. ಗುಡುಗ ಅಂತ ಆಗಲೇ ಹೆಸರಿಟ್ಟಾಯ್ತು."

ಮೂರು ದಿನ ಬಿಟ್ಟು ಅತ್ತಿಗೆ ಅವನನ್ನು ಕಂಡಳು. ಕಾಣುವುದಕ್ಕೆ ಮೊದಲು ಅಡುಗೆಮನೆಯ ಗೂಡಿನಲ್ಲಿ ಲೋಟಗಳು ಒಂದಕ್ಕೊಂದು ತಗುಲಿ ಕಿಣಿಕಿಣಿ ಅಂದವು. ಬಂದರಿನ ರಸ್ತೆ ಮನೆಯಿಂದ ಎರಡು ಓಣಿ ಆಚೆಗಿತ್ತು. ಇಷ್ಟು ಸದ್ದು ಮಾಡುವವನು ಆನೆಯಂಥವನೇ ಇರಬೇಕು ಅಂದುಕೊಂಡು ಅವಳು ಸೌಟು ಹಿಡಿದುಕೊಂಡೇ ಓಣಿಯ ತುದಿಗೆ ಓಡಿದಳು. ನೋಡಿದರೆ ಬೆಂಕಿಕಡ್ಡಿಯಂಥ ಮನುಷ್ಯ. ತಲೆ ಮಾತ್ರ ಸ್ವಲ್ಪ ದಪ್ಪ. ಸೌಟು ಹಿಡಿದ ಹೆಂಗಸನ್ನು ನೋಡಿ ಅವನು ಹಾರ್ನು ಹೊಡೆದು, "ಊಟ ಆಯ್ತಾ ಅತ್ತಿಗೆ?" ಅಂದ. ಅವಳ ಗಂಡ ವಯಸ್ಸಿನಲ್ಲಿ ತನಗಿಂತ ದೊಡ್ಡವನು, ಅಣ್ಣನ ಸಮಾನ, ಆದ್ದರಿಂದ ಅವಳು ಅತ್ತಿಗೆ. ಅವತ್ತಿನಿಂದ ಇಡೀ ಲೈನಿಗೆ ಅವಳು ಅತ್ತಿಗೆಯೇ ಆದಳು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಗೇಟಿನ ಗುಮಾಸ್ತನೂ ಹಾಗೇ ಕರೆಯತೊಡಗಿದ.

ಲೈನು ಅಂದರೆ ಏನು ಅಂತ ಇಲ್ಲಿ ಹೇಳಲೇಬೇಕು. ಹಡಗಿನಿಂದ ಇಳಿದ ಕಂಟೇನರುಗಳನ್ನು ಐದಾರು ಮೈಲಿ ದೂರದ ಗೋದಾಮುಗಳಿಗೆ ಮುಟ್ಟಿಸುವುದು, ಖಾಲಿಯಾದದ್ದನ್ನು ವಾಪಸು ತಂದು ಹಾಕುವುದು, ಇಷ್ಟೇ ಆ ಲಾರಿಗಳ ಕೆಲಸ. ದೂರದ ಊರು ಕಂಡ ಗಾಡಿಗಳಲ್ಲ. ಗಾಣದ ಎತ್ತಿನ ಹಾಗೆ ಅಲ್ಲೇ ಹೋಗಿ ಅಲ್ಲೇ ಬರುವುದು. ಓಡುವುದು ಕಾಲು ಗಂಟೆ, ಗೇಟಿನ ಮುಂದೆ ಕಾಯುವುದು ಎರಡು ಗಂಟೆ. ಮೂವತ್ತು ನಲವತ್ತು ಲಾರಿ, ಒಂದರ ಬಾಲಕ್ಕೆ ಒಂದು ಮೂತಿ ಹಚ್ಚಿ ನಿಂತಿರುತ್ತಿದ್ದವು. ಎಂಜಿನ್ ಆರಿಸುವ ಹಾಗಿಲ್ಲ. ಹಳೆ ಗಾಡಿ ಒಮ್ಮೆ ಆರಿದರೆ ಮತ್ತೆ ಹೊತ್ತುವುದು ಅದರ ಮರ್ಜಿ. ಹಾಗಾಗಿ ಎಲ್ಲವೂ ನಿಂತಲ್ಲೇ ಹೊಗೆ ಕಾರುತ್ತಿದ್ದವು, ಡ್ರೈವರುಗಳು ಸ್ಟೇರಿಂಗಿಗೆ ಹಣೆ ಹಚ್ಚಿ ನಿದ್ದೆ ಹೊಡೆಯುತ್ತಿದ್ದರು.

ನಿದ್ದೆ ಅಂದರೆ ಬರೀ ನಿದ್ದೆಯಲ್ಲ, ಅದೊಂದು ವಿದ್ಯೆ. ಕಣ್ಣು ಮಲಗಿರುತ್ತದೆ, ಕಿವಿ ಎದ್ದಿರುತ್ತದೆ. ಮುಂದಿನ ಲಾರಿ ಗೊರ್ ಅಂತ ದನಿ ಏರಿಸಿತೋ, ಹಿಂದಿನವನ ಕಾಲು ತಾನಾಗಿಯೇ ಕ್ಲಚ್ಚಿಗೆ ಹೋಗುತ್ತದೆ. ಒಂದು ಗಾಡಿಯಷ್ಟು ದೂರ ಸರಿದು ಮತ್ತೆ ಹಣೆ ಸ್ಟೇರಿಂಗಿಗೆ. ಇದರಲ್ಲಿ ಪಳಗಿದವರು ಒಂದೇ ಕನಸನ್ನು ಲೈನಿನ ಬಾಲದಿಂದ ಗೇಟಿನವರೆಗೆ ಕಡಿಯದಂತೆ ಕಾಣುತ್ತಿದ್ದರು. ಗುಡುಗ ಬಂದ ಮೇಲೆ ಅವನ ಹಿಂದೆ ನಿಲ್ಲುವುದಕ್ಕೆ ಪೈಪೋಟಿ ಶುರುವಾಯಿತು. ಅವನ ಗಾಡಿ ದನಿ ಎತ್ತಿದರೆ ಏಳದಿರುವ ಮನುಷ್ಯನೇ ಇರಲಿಲ್ಲ. ಗೊರಕೆ ಅಂತ ಅಡ್ಡಹೆಸರಿನ ಒಬ್ಬ ದಪ್ಪ ಡ್ರೈವರಿದ್ದ, ಕಣ್ಣಿನ ಜೊತೆ ಕಿವಿಯನ್ನೂ ಮಲಗಿಸುವವನು. ಅವನಂತೂ ಗುಡುಗನ ಬಾಲ ಬಿಟ್ಟು ಅಲ್ಲಾಡುತ್ತಿರಲಿಲ್ಲ.

ಗುಡುಗನಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಹೊಸದಾಗಿ ಸೇರಿದ ಒಬ್ಬ ಡ್ರೈವರಿಗೆ, "ಗೇಟು ದಾಟಿದ ಕೂಡಲೇ ಕ್ರೇನಿಗೆ ಸಲಾಮು ಹೊಡೀಬೇಕು, ಇಲ್ದಿದ್ರೆ ಮೇಲೆ ಕೂತವನು ಕಂಟೇನರ್ ಓರೆಯಾಗಿ ಇಳಿಸ್ತಾನೆ" ಅಂತ ಗಂಭೀರವಾಗಿ ಹೇಳಿಬಿಟ್ಟ. ಆ ಪುಣ್ಯಾತ್ಮ ದಿನಕ್ಕೆ ನಾಲ್ಕು ಸಲ ಸಲಾಮು ಹೊಡೆದ. ಒಂದು ತಿಂಗಳ ಹೊತ್ತಿಗೆ ಕ್ರೇನಿನವನೂ ತಿರುಗಿ ಹೊಡೆಯಲು ಶುರುಮಾಡಿದ. ಸತ್ಯ ತಿಳಿದ ಮೇಲೂ ಇಬ್ಬರೂ ಬಿಡಲಿಲ್ಲ. ನಿಲ್ಲಿಸಬೇಕಾದರೆ ಮೊದಲು ಯಾರು ಕೈ ಇಳಿಸಬೇಕು ಅನ್ನುವುದು ತೀರ್ಮಾನವಾಗಲೇ ಇಲ್ಲ.

ಅತ್ತಿಗೆಗೆ ಈ ತಮಾಷೆಗಳೆಲ್ಲ ಇಷ್ಟ, ಹೊಗೆ ಮಾತ್ರ ಇಷ್ಟವಿಲ್ಲ. ಬೆಳಿಗ್ಗೆ ಬಿಳಿ ಹಾಸಿಗೆಬಟ್ಟೆ ಒಣಹಾಕಿದರೆ ಮಧ್ಯಾಹ್ನ ಬೂದಿ ಬಣ್ಣದ್ದು ಮಡಚಿಡಬೇಕು. ಗಂಡನ ಕೆಮ್ಮು ಜಾಸ್ತಿಯಾದಾಗ ಎದೆಯ ಚಿತ್ರ ತೆಗೆಸಿದ ಡಾಕ್ಟರು, "ದಿನಕ್ಕೆ ಎಷ್ಟು ಸಿಗರೇಟು ಸೇದ್ತಾರೆ?" ಅಂತ ಕೇಳಿದರು. ಅವನು ಜನ್ಮದಲ್ಲಿ ಒಂದನ್ನೂ ಬಾಯಿಗಿಟ್ಟವನಲ್ಲ. ಲೈನು ಅವನ ಪಾಲಿನದನ್ನೆಲ್ಲ ಸೇದಿ ಕೊಟ್ಟಿತ್ತು. ಅವನು ತೀರಿಕೊಂಡ ವರ್ಷವೇ ಡ್ರೈವರುಗಳು ಸೇರಿ ಗೇಟಿನ ಹತ್ತಿರ ಅತ್ತಿಗೆಗೆ ಒಂದು ಚಹಾದಂಗಡಿ ಎಬ್ಬಿಸಿಕೊಟ್ಟರು. ನಾಲ್ಕು ಕಂಬ, ಒಂದು ಬೆಂಚು, ಒಂದು ಪಂಪ್ ಸ್ಟೌ. ತಗಡಿನ ಸೂರು ಹೊದಿಸಿದವನು ಗುಡುಗ. ಅದೇ ಸೂರಿನ ಕೆಳಗೆ ಅವರಿಬ್ಬರ ಜಗಳ ದಿನವೂ ನಡೆಯುತ್ತಿತ್ತು.

"ಎಂಜಿನ್ ಆರಿಸೋ. ನಿನ್ನ ಹೊಗೆಯೆಲ್ಲ ನನ್ನ ಚಹಾದೊಳಗೆ ಬೀಳ್ತಿದೆ."

"ಬೀಳ್ಲಿ ಬಿಡಿ ಅತ್ತಿಗೆ. ನಿಮ್ಮ ಚಹಾಕ್ಕೆ ಬಣ್ಣ ಬರೋದೇ ಅದರಿಂದ."

ಹೀಗೆ ಹದಿನೈದು ವರ್ಷ ಕಳೆದ ಮೇಲೆ ಒಂದು ದಿನ ಬಂದರಿನ ಕಚೇರಿಯಿಂದ ಒಬ್ಬ ಹುಡುಗಿ ಬಂದಳು. ಬಗಲಲ್ಲಿ ಫೈಲು. ಬಿಸಿಲಿಗೂ ಅದೇ, ಮಳೆಗೂ ಅದೇ. ಸಂಜೆಯೊಳಗೆ ಅವಳಿಗೆ ಫೈಲಮ್ಮ ಅಂತ ಹೆಸರಾಯಿತು. ಬೆಂಚಿನ ಮೇಲೆ ಡ್ರೈವರುಗಳನ್ನು ಕೂರಿಸಿ ಅವಳು ಹೇಳಿದ್ದು ಇಷ್ಟು: ವರ್ಷದ ಕೊನೆಗೆ ಡೀಸೆಲ್ ಲಾರಿಗಳಿಗೆ ಗೇಟು ಬಂದ್. ಆಮೇಲೆ ಕರೆಂಟಿನ ಲಾರಿಗಳೇ. ಹೋಗುವ ದೂರ ಕಡಿಮೆ, ನಿಲ್ಲುವ ಹೊತ್ತು ಜಾಸ್ತಿ. ಇಂಥ ಕೆಲಸಕ್ಕೆ ಅದೇ ಸರಿಯಾದ ಗಾಡಿ, ಯಾಕೆಂದರೆ ನಿಂತಾಗ ಅದು ಏನನ್ನೂ ಸುಡುವುದಿಲ್ಲ.

"ಮೇಡಂ, ವೈರು ಎಷ್ಟುದ್ದ ಇರುತ್ತೆ?" ಅಂತ ಗುಡುಗ ಕೇಳಿದ. "ಗೋದಾಮಿನವರೆಗೆ ಮುಟ್ಟುತ್ತಾ, ಅಥವಾ ನಡುವೆ ಗಂಟು ಹಾಕ್ಬೇಕಾ?"

"ವೈರು ಚಾರ್ಜ್ ಮಾಡುವಾಗ ಮಾತ್ರ."

"ಅಂದ್ರೆ ಫೋನಿನ ಹಾಗೆ. ರಿಂಗ್ ಆದ್ರೆ ಯಾರು ಎತ್ತಬೇಕು?"

ಬೆಂಚೆಲ್ಲ ನಕ್ಕಿತು. ಫೈಲಮ್ಮ ನಗಲಿಲ್ಲ, ಫೈಲಿನಲ್ಲಿ ಏನೋ ಬರೆದುಕೊಂಡಳು. ಆಮೇಲೆ ಕೊನೆಯ ಮಾತು ಹೇಳಿದಳು. ಪ್ರತಿಯೊಬ್ಬರಿಗೂ ಹೊಸ ಗಾಡಿಯಲ್ಲಿ ಪರೀಕ್ಷೆ ಇದೆ. ಮೂರು ಅವಕಾಶ. ಮೂರರಲ್ಲೂ ಫೇಲಾದವರಿಗೆ ಗೇಟ್ ಪಾಸ್ ಇಲ್ಲ.

ಗುಡುಗನಿಗೆ ಆಗ ಐವತ್ತಾರು. ಧಣಿ ಒಳ್ಳೆಯವನೇ, ಕೈಬಿಡುವುದಿಲ್ಲ ಅಂತ ಮೊದಲೇ ಹೇಳಿದ್ದ. ಫೇಲಾದವರಿಗೆ ಗೋದಾಮಿನ ಹಿಂಬಾಗಿಲಲ್ಲಿ ಕಾವಲು ಕೂರಲು ಒಂದು ಸ್ಟೂಲು, ಒಂದು ಸೀಟಿ. "ಸ್ಟೂಲಿಗೆ ಚಕ್ರ ಇರುತ್ತಾ?" ಅಂತ ಗುಡುಗ ಕೇಳಿದನಂತೆ. ಇಲ್ಲ ಅಂದನಂತೆ ಧಣಿ. ಆ ಸಂಜೆ ಗುಡುಗ ಚಹಾ ಕುಡಿಯದೇ ಹೋದ. ಅವನು ಹೆದರಿದ್ದಾನೆ ಅಂತ ಅತ್ತಿಗೆಗೆ ಗೊತ್ತಾದದ್ದು ಹಾಗೆ.

ಮೊದಲ ಪರೀಕ್ಷೆ ಗಾಡಿ ಹೊರಡುವುದಕ್ಕೆ ಮುಂಚೆಯೇ ಮುಗಿಯಿತು. ಅಂಗಡಿಯ ಮುಂದೆಯೇ ನಡೆದದ್ದು, ಅತ್ತಿಗೆ ಕಣ್ಣಾರೆ ಕಂಡಳು. ಗುಡುಗ ಬಟನ್ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಸದ್ದಿಲ್ಲ.

"ಗಾಡಿ ಸತ್ತಿದೆ ಮೇಡಂ."

"ಆನ್ ಆಗಿತ್ತು. ಈಗ ನೀವು ಆಫ್ ಮಾಡಿದ್ರಿ."

ಮತ್ತೆ ಒತ್ತಿದ. "ಈಗ?"

"ಈಗ ಆನ್ ಆಗಿದೆ."

"ಎಲ್ಲಿ ಆಗಿದೆ?" ಅನ್ನುತ್ತಾ ನಂಬಿಕೆ ಸಾಲದೆ ಇನ್ನೊಮ್ಮೆ ಒತ್ತಿದ. ಒಂಬತ್ತು ಸಲ ಹೀಗೇ ಆಯಿತು. ಹತ್ತನೆಯ ಸಲ ಸಿಟ್ಟಿನಿಂದ ಆಕ್ಸಿಲರೇಟರ್ ತುಳಿದ. ಸತ್ತ ಗಾಡಿ ಬೆಕ್ಕಿನ ಹಾಗೆ ಮುಂದಕ್ಕೆ ಜಿಗಿಯಿತು. ಅವನು ಬ್ರೇಕ್ ಒತ್ತಿದ ಹೊಡೆತಕ್ಕೆ ಫೈಲಮ್ಮನ ಫೈಲು ಡ್ಯಾಶ್‌ಬೋರ್ಡಿನ ಮೇಲೆಲ್ಲ ಹಾಳೆಹಾಳೆಯಾಗಿ ಹರಡಿತು.

ಎರಡನೆಯ ಪರೀಕ್ಷೆಯಲ್ಲಿ ಗಾಡಿ ಓಡಿತು, ಆದರೆ ಜಾಸ್ತಿ ಓಡಿತು. ಇಪ್ಪತ್ತರಲ್ಲಿ ಹೋಗಬೇಕಾದ ಕಡೆ ಐವತ್ತರಲ್ಲಿ ಹೋದ. "ಮೀಟರ್ ನೋಡಲಿಲ್ವಾ?" ಅಂತ ಫೈಲಮ್ಮ ಕೇಳಿದರೆ, "ನನ್ನ ಗಾಡಿ ಮೀಟರ್ ಕೆಟ್ಟು ಇಪ್ಪತ್ತು ವರ್ಷ ಆಯ್ತು ಮೇಡಂ. ನೋಡೋ ಅಭ್ಯಾಸ ತಪ್ಪಿದೆ" ಅಂದ. ರಿವರ್ಸಿನಲ್ಲಿ ಗುರುತಿಗಿಟ್ಟ ಡ್ರಮ್ಮಿಗೆ ಗುದ್ದಿದ. ಡ್ರಮ್ಮು ಉರುಳಿ ಬಂದು ಅತ್ತಿಗೆಯ ಬೆಂಚಿಗೆ ತಗುಲಿ ನಿಂತಿತು.

"ಗಾಡಿ ಸರಿ ಇಲ್ಲ, ನೆಲ ಸರಿ ಇಲ್ಲ, ಆ ಹುಡುಗಿ ಸರಿ ಇಲ್ಲ" ಅಂತ ಗುಡುಗ ಬೆಂಚಿನ ಮೇಲೆ ಕೂತು ಶುರುಮಾಡಿದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದಳು ಅತ್ತಿಗೆ, ಲೋಟ ಮುಂದಿಡುತ್ತಾ.

"ನಿಮಗೆ ಖುಷಿ ಅಲ್ವಾ? ಹೊಗೆ ಹೋಗುತ್ತೆ."

"ಹೊಗೆ ಹೋಗೋದು ಖುಷಿಯೇ. ನೀನು ಹೋಗೋದು ಬೇಡ."

ಗುಡುಗ ಎದ್ದು, ಬೆಂಚಿಗೆ ತಗುಲಿದ್ದ ಡ್ರಮ್ಮನ್ನು ಮೆಲ್ಲಗೆ ಉರುಳಿಸಿಕೊಂಡು ಹೋಗಿ ಅದರ ಜಾಗದಲ್ಲಿ ನಿಲ್ಲಿಸಿದ. ಅತ್ತಿಗೆಗೆ ತಾನೇ ಏನೋ ಕೆಟ್ಟದ್ದು ಮಾಡಿದ ಹಾಗೆನಿಸಿತು.

ಆ ವಾರವೇ ಲೈನು ನಿದ್ದೆಹೋದ ಪ್ರಕರಣ ನಡೆಯಿತು. ಪರೀಕ್ಷೆ ಪಾಸಾದ ಒಬ್ಬನ ಹೊಸ ಲಾರಿ ಲೈನಿನ ಮುಂಭಾಗದಲ್ಲಿತ್ತು. ಅವನ ಹಿಂದೆ, ಅವತ್ತು ಗುಡುಗನ ಬಾಲ ಸಿಗದೆ ಹೋದ ಗೊರಕೆ. ಅವನ ಹಿಂದೆ ಮೂವತ್ತು ಡೀಸೆಲ್ ಗಾಡಿ, ಅದರಲ್ಲಿ ಗುಡುಗನದೂ ಒಂದು. ಗೇಟು ತೆರೆಯಿತು, ಹೊಸ ಲಾರಿ ತುಟಿ ಪಿಟಿಕ್ಕೆನ್ನದೆ ಒಳಗೆ ಹೋಯಿತು. ಗೊರಕೆಗೆ ಕೇಳಿಸಲಿಲ್ಲ. ಗೊರಕೆ ಅಲುಗಾಡಲಿಲ್ಲವಾದ್ದರಿಂದ ಅವನ ಹಿಂದಿನವನು ಅಲುಗಾಡಲಿಲ್ಲ. ಹಾಗೇ ಬಾಲದವರೆಗೆ. ಗೇಟಿನ ಮುಂದೆ ಮದುವೆ ಚಪ್ಪರ ಹಾಕುವಷ್ಟು ಜಾಗ ಖಾಲಿ, ಹಿಂದೆ ಮೂವತ್ತೊಂದು ಹಣೆಗಳು ಮೂವತ್ತೊಂದು ಸ್ಟೇರಿಂಗಿನ ಮೇಲೆ.

ಅತ್ತಿಗೆ ನೋಡಿದಳು. ಎಬ್ಬಿಸಬಹುದಿತ್ತು. ಆದರೆ ಇಂಥ ನೋಟ ಮತ್ತೆ ಸಿಗುವುದಿಲ್ಲ ಅಂತ ಒಂದು ಲೋಟ ಚಹಾ ಬಸಿದುಕೊಂಡು, ಬೆಂಚಿನ ಮೇಲೆ ಕೂತು, ನಿಧಾನವಾಗಿ ಊದಿ ಊದಿ ಕುಡಿದಳು. ಅಷ್ಟರಲ್ಲಿ ಗೇಟಿನ ಹೊಸ ಗುಮಾಸ್ತ ಕನ್ನಡಕ ಹಣೆಗೇರಿಸಿಕೊಂಡು ಓಡಿ ಬಂದ. "ಏನಾಯ್ತು ಅತ್ತಿಗೆ, ಎಲ್ಲ ಒಟ್ಟಿಗೆ ಸತ್ತರಾ?" ಅಂದ. ಅವಳು ಎದ್ದು ಕೆಟಲ್ಲಿನ ಮುಚ್ಚಳಕ್ಕೆ ಸೌಟಿನಿಂದ ನಾಲ್ಕು ಬಾರಿಸಿದಳು. ಮೂವತ್ತೊಂದು ತಲೆಗಳು ಒಟ್ಟಿಗೆ ಎದ್ದವು. ಎಲ್ಲರೂ ಒಟ್ಟಿಗೆ ಕ್ಲಚ್ಚು ಒತ್ತಿದರು.

ಸಂಜೆ ಗುಡುಗನ ಮುಖದಲ್ಲಿ ಕಳೆ ಬಂದಿತ್ತು. "ನೋಡಿದ್ರಾ? ನನ್ನ ಗಾಡಿ ದನಿ ಮುಂದೆ ಇರದಿದ್ರೆ ಲೈನಿಗೆ ಬೆಳಗೇ ಆಗಲ್ಲ."

"ತನ್ನ ಕೋಳಿ ಕೂಗಿದ್ರೇನೇ ಬೆಳಗಾಗೋದು ಅಂತ ಒಬ್ಬ ಅಜ್ಜಿ ತಿಳಿದಿದ್ಲಂತೆ" ಅಂದಳು ಅತ್ತಿಗೆ. ಅಂದವಳು ಲೋಟ ತೊಳೆಯುವುದನ್ನು ನಿಲ್ಲಿಸಿದಳು. ಕೆಟಲ್ಲಿನ ಮುಚ್ಚಳ ಬಾರಿಸಿದಾಗ ಅವರೆಲ್ಲ ಕ್ಲಚ್ಚು ಒತ್ತಿದ್ದು ಅವಳ ಕಣ್ಣ ಮುಂದೆ ಬಂತು. ಕಣ್ಣು ಬಿಡುವುದಕ್ಕೆ ಮೊದಲೇ ಕಾಲು ಒತ್ತಿತ್ತು. "ಇಲ್ಲಿ ನೋಡು. ನೀವ್ಯಾರೂ ಕಣ್ಣಿಂದ ಗಾಡಿ ಓಡಿಸೋರಲ್ಲ. ಕಿವಿ ಹೇಳಿದ ಹಾಗೆ ಕಾಲು ಕುಣಿಯುತ್ತೆ. ಆ ಹೊಸ ಗಾಡಿ ಬಾಯಿ ಬಿಡಲ್ಲ, ಅದಕ್ಕೇ ನಿನ್ನ ಕಾಲಿಗೆ ದಿಕ್ಕು ತೋಚ್ತಿಲ್ಲ."

"ಅದನ್ನೇ ನಾನು ಹೇಳ್ತಿರೋದು. ಸದ್ದಿಲ್ಲದ ಗಾಡಿ ಗಾಡಿಯೇ ಅಲ್ಲ."

"ಗಾಡಿ ಸದ್ದು ಮಾಡದಿದ್ರೆ ನೀನು ಮಾಡು."

"ನಾನು?"

"ಬಾಯಿ ಇದೆಯಲ್ಲ. ಇಷ್ಟು ವರ್ಷ ಬೇಡದ್ದಕ್ಕೆಲ್ಲ ಉಪಯೋಗಿಸಿದ್ದೀಯ."

ಗುಡುಗ ಸುತ್ತ ನೋಡಿದ. ಯಾರೂ ಇರಲಿಲ್ಲ. ಊಟದ ತಟ್ಟೆಯನ್ನು ಸ್ಟೇರಿಂಗಿನ ಹಾಗೆ ಹಿಡಿದು, ಮೆಲ್ಲಗೆ, ಗಂಟಲಿನ ತಳದಿಂದ ಗುರ್ರ್ ಅಂದ. ಅಷ್ಟಕ್ಕೇ ಅವನ ಎಡಗಾಲು ಮುಂದೆ ಚಾಚಿತು. ದನಿ ಏರಿಸಿದ, ಬಲಗಾಲು ಒತ್ತಿತು. ದನಿ ಇಳಿಸಿದ, ಕಾಲು ಹಿಂದೆ ಬಂತು. ಅವನು ಅತ್ತಿಗೆಯ ಕಡೆ ನೋಡಿದ ನೋಟ ಕಳೆದುಹೋದ ಬೀಗದ ಕೈ ತನ್ನ ಜೇಬಿನಲ್ಲೇ ಸಿಕ್ಕವನ ನೋಟ.

ಅಲ್ಲಿಂದ ದಿನವೂ ಮಧ್ಯಾಹ್ನ ಲೈನು ತೆಳುವಾದ ಹೊತ್ತಿಗೆ ತಟ್ಟೆ ಹಿಡಿದು ಅಭ್ಯಾಸ. ಅತ್ತಿಗೆ ಪರೀಕ್ಷಕಿ. "ಈಗ ಗೋದಾಮಿನ ತಿರುವು. ಈಗ ಎದುರಿಗೆ ಎಮ್ಮೆ." "ಎಮ್ಮೆ ಯಾಕೆ ಬಂತು ಅತ್ತಿಗೆ, ಇದು ಬಂದರು." "ಬಂದಿದೆ, ಬ್ರೇಕ್ ಹಾಕು." ಗಂಡನ ಲಾರಿಯನ್ನೂ ಲೈನಿನ ಲಾರಿಗಳನ್ನೂ ಒಂದು ಜನ್ಮ ಕೇಳಿದ್ದವಳು ಅವಳು. ದನಿ ತಪ್ಪಿದರೆ ತಿದ್ದುತ್ತಿದ್ದಳು. "ರಿವರ್ಸಿಗೆ ಅಷ್ಟು ದನಿ ಬೇಡ. ಅದು ಗೊಣಗಬೇಕು. ಅತ್ತೆಯ ಎದುರು ಮಾತಾಡೋಕೆ ಧೈರ್ಯ ಇಲ್ಲದ ಸೊಸೆ ಗೊಣಗೋ ಹಾಗೆ."

ಹತ್ತು ದಿನದ ಮೇಲೆ ಗುಡುಗನ ಹೆಂಡತಿ ಅಂಗಡಿಗೆ ಬಂದಳು. ಕಣ್ಣ ಕೆಳಗೆ ಕಪ್ಪು.

"ಅಕ್ಕಾ, ಇವರಿಗೇನೋ ಆಗಿದೆ. ಮಲಗಿದಲ್ಲೇ ಗುರ್ರ್ ಅಂತಾರೆ. ನನ್ನ ಮೊಣಕಾಲು ಹಿಡಿದು ಗೇರ್ ಹಾಕ್ತಾರೆ."

"ಎಷ್ಟನೇ ಗೇರಿನಲ್ಲಿದ್ದಾನೆ?"

"ನಿನ್ನೆ ರಿವರ್ಸ್ ಹಾಕಿದ್ರು. ನಾನು ಮಂಚದಿಂದ ಬಿದ್ದೆ."

"ಹಾಗಾದ್ರೆ ಪಾಸಾಗ್ತಾನೆ ಬಿಡು" ಅಂದಳು ಅತ್ತಿಗೆ.

ಮೂರನೆಯ ಪರೀಕ್ಷೆಯ ದಿನ ಅತ್ತಿಗೆ ಬೆಳಿಗ್ಗೆಯಿಂದ ಎರಡು ಲೋಟ ಒಡೆದಿದ್ದಳು. ಏಳನೇ ನಂಬರಿನ ಹೊಸ ಲಾರಿ ಗುಡುಗನನ್ನೂ ಫೈಲಮ್ಮನನ್ನೂ ಹೊತ್ತು ಗೋದಾಮಿನ ಕಡೆ ಹೋಯಿತು. ಅರ್ಧ ಗಂಟೆಯ ಮೇಲೆ ವಾಪಸು ಬರುವುದು ಕಂಡಿತು. ನಿಧಾನವಾಗಿ, ನೇರವಾಗಿ, ತಿರುವಿನಲ್ಲಿ ಬಾಗಿ, ಗಂಭೀರ ಎತ್ತಿನ ಹಾಗೆ. ಅವಳ ಜೀವ ಇನ್ನೇನು ನೆಲೆಗೆ ಬರಬೇಕು, ಅಷ್ಟರಲ್ಲಿ ಲಾರಿ ಅಂಗಡಿಯ ಮುಂದೆಯೇ ನಿಂತಿತು. ಫೈಲಮ್ಮ ಕೆಳಗೆ ಧುಮುಕಿ ಚಕ್ರದ ಪಕ್ಕ ಕಿವಿಗೊಟ್ಟಳು.

"ಸ್ವಲ್ಪ ಮುಂದೆ ಬಿಡಿ" ಅಂದಳು. ಗುಡುಗ ಬಿಟ್ಟ. ಗುರ್ರ್. "ನಿಲ್ಲಿಸಿ." ನಿಲ್ಲಿಸಿದ. ಸದ್ದಿಲ್ಲ. "ಮತ್ತೆ ಬಿಡಿ." ಗುರ್ರ್.

ಅವಳು ಫೈಲನ್ನೇ ನೆಲಕ್ಕೆ ಹಾಸಿ ಲಾರಿಯ ಅಡಿಗೆ ತೂರಿದಳು. ಗುಡುಗ ಕಿಟಕಿಯಿಂದ ಅತ್ತಿಗೆಯ ಕಡೆ ನೋಡಿದ. ಬಾಯಿ ಮುಚ್ಚಿತ್ತು, ಕಣ್ಣು ಮಾತ್ರ 'ಕೆಟ್ಟೆ' ಅನ್ನುತ್ತಿತ್ತು. ಫೈಲಮ್ಮ ಹೊರಬಂದು ಮೊಣಕೈಯ ಧೂಳು ಕೊಡವಿಕೊಂಡಳು.

"ಅಮ್ಮಾ, ಈ ಗಾಡಿಯಿಂದ ಸದ್ದು ಬರ್ತಿದೆ. ನಿಮಗೆ ಕೇಳಿಸ್ತಾ?"

"ನನಗೆ ಈ ಕಡೆ ಕಿವಿ ಮಂದ ತಾಯಿ."

"ಆ ಕಡೆ?"

"ಆ ಕಡೆಯಲ್ಲಿ ನಾನು ಬೇರೆಯವರ ಮಾತು ಕೇಳೋಕೆ ಹೋಗಲ್ಲ."

"ಹೊಸ ಗಾಡಿ ಅಲ್ವಾ ಮೇಡಂ" ಅಂದ ಗುಡುಗ, ಮುಖದ ಒಂದು ಕೂದಲೂ ಅಲ್ಲಾಡದ ಹಾಗೆ. "ಇನ್ನೂ ಮೈ ಬಿಟ್ಟಿಲ್ಲ. ಬಂದರಿನ ಗಾಳಿ ಒಗ್ಗಬೇಕು."

ಫೈಲಮ್ಮ ಯೋಚಿಸಿದಳು. "ಇನ್ನು ರಿವರ್ಸ್ ಒಂದೇ ಬಾಕಿ. ನೀವು ಹಾಕಿ. ನಾನು ಇಲ್ಲೇ ನಿಂತು ಕೇಳ್ತೀನಿ" ಅಂದು ಡ್ರೈವರ್ ಬಾಗಿಲಿನ ಮೆಟ್ಟಿಲ ಮೇಲೆ ಹತ್ತಿ ನಿಂತಳು. ಗುಡುಗನ ಬಾಯಿಗೂ ಅವಳ ಕಿವಿಗೂ ನಡುವೆ ಒಂದು ಗೇಣಿಲ್ಲ.

ಅಂಗಡಿಯ ಪಕ್ಕದ ಖಾಲಿ ಜಾಗದಲ್ಲಿ ಎರಡು ಡ್ರಮ್ಮುಗಳ ನಡುವೆ ಆ ಉದ್ದನೆಯ ಗಾಡಿಯನ್ನು ಹಿಂದಕ್ಕೆ ತೂರಿಸಬೇಕು. ಹೋದ ಸಲ ಉರುಳಿಸಿದ್ದ ಅದೇ ಡ್ರಮ್ಮು. ಗುಡುಗ ಸ್ಟೇರಿಂಗ್ ಹಿಡಿದ. ತುಟಿ ಬಿಗಿದ. ಗಾಡಿ ಅಲುಗಲಿಲ್ಲ. ಹಣೆಯ ಮೇಲೆ ಬೆವರು ಮೂಡಿತು. ಕಿವಿ ಹೇಳದೆ ಕಾಲು ಏಳದು, ಬಾಯಿ ಬಿಟ್ಟರೆ ಪಾಸು ಹೋಯಿತು.

ಅತ್ತಿಗೆ ಇಬ್ಬರಿಗೂ ಬೆನ್ನು ಹಾಕಿ, ಲೋಟ ತೊಳೆಯುವ ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅರವತ್ತು ದಾಟಿದ ಹೆಂಗಸು. ತಲೆ ತಗ್ಗಿಸಿ, ಗಂಟಲಿನಲ್ಲಿ ಗೊಣಗಲು ಶುರುಮಾಡಿದಳು. ಗೊರ್‌ರ್, ಗೊರ್‌ರ್. ಹೆದರಿದ ಸೊಸೆಯ ಗೊಣಗು. ಹಿಂದೆ ಗಾಡಿ ಸರಿಯುವುದು ನೆಲದಲ್ಲಿ ತಿಳಿಯಿತು. ಬಾನಿಯ ನೀರಿನಲ್ಲಿ ಲಾರಿಯ ಬಾಲದ ನೆರಳು ಕಂಡಿತು. ನೆರಳು ಎಡಕ್ಕೆ ಓರೆಯಾದರೆ ದನಿ ಇಳಿಸಿದಳು, ನೇರವಾದರೆ ಏರಿಸಿದಳು. ಡ್ರಮ್ಮು ಹತ್ತಿರ ಬಂದಾಗ ಗಂಡನ ಗಾಡಿ ಕೊನೆಯಲ್ಲಿ ಬಿಡುತ್ತಿದ್ದ ಹಾಗೆ ಉಸ್ಸ್ ಅಂತ ಒಂದು ಉಸಿರು ಬಿಟ್ಟಳು. ಗಾಡಿ ನಿಂತಿತು. ಎರಡು ಡ್ರಮ್ಮುಗಳ ನಡುವೆ, ಎರಡು ಕಡೆಯೂ ಒಂದೊಂದು ಮೊಳ ಬಿಟ್ಟು.

ಫೈಲಮ್ಮ ಮೆಟ್ಟಿಲಿಂದ ಇಳಿದು ನೇರ ಅಂಗಡಿಗೆ ಬಂದಳು.

"ಸದ್ದು ಈಗ ಇಲ್ಲಿಂದ ಬಂತು."

"ಸ್ಟೌ ತಾಯಿ. ಪಂಪ್ ಸ್ಟೌ. ಗೊಣಗುತ್ತೆ."

ಫೈಲಮ್ಮ ಸ್ಟೌ ನೋಡಿದಳು. "ಸ್ಟೌ ಹೊತ್ತಿಸಿಲ್ಲವಲ್ಲ?"

"ಈಗಷ್ಟೇ ಆರಿಸಿದೆ. ಉಸ್ಸ್ ಅಂದದ್ದು ಕೇಳಿಸಲಿಲ್ವಾ?"

ಅತ್ತಿಗೆ ಒಂದು ಲೋಟ ಚಹಾ ಅವಳ ಕೈಗೆ ಕೊಟ್ಟಳು, ಅದು ತಣ್ಣಗಾಗಿತ್ತು. ಫೈಲಮ್ಮ ಬೆಂಚಿನ ಮೇಲೆ ಕೂತು ಅದನ್ನು ಕುಡಿಯುತ್ತಾ ಫೈಲು ಬಿಡಿಸಿ ಬರೆದಳು. ಅವಳು ಹೋದ ಮೇಲೆ ಗುಡುಗ ಕೈಯಲ್ಲಿದ್ದ ಚೀಟಿಯನ್ನು ಎಲ್ಲರಿಗೂ ಓದಿ ತೋರಿಸಿದ. ಚಾಲಕ: ತೃಪ್ತಿಕರ. ವಾಹನ: ದೋಷಯುಕ್ತ, ರಿಪೇರಿಗೆ ಕಳುಹಿಸುವುದು.

"ಡ್ರೈವರ್ ಪಾಸು, ಗಾಡಿ ಫೇಲು" ಅಂದ ಗೊರಕೆ, ಆಕಳಿಸುತ್ತಾ.

ಏಳನೇ ನಂಬರನ್ನು ವರ್ಕ್‌ಶಾಪಿನಲ್ಲಿ ನಾಲ್ಕು ದಿನ ಬಿಚ್ಚಿಟ್ಟರು. ಏನೂ ಸಿಗಲಿಲ್ಲ. ಜೋಡಿಸಿ ಕಳಿಸಿದ ಮೇಲೆ ಅದನ್ನು ಗುಡುಗನಿಗೇ ಕೊಟ್ಟರು. ಕೆಟ್ಟ ಗಾಡಿಯನ್ನು ಬೇರೆ ಯಾರು ತೆಗೆದುಕೊಳ್ಳುತ್ತಾರೆ?

ವರ್ಷದ ಕೊನೆಗೆ ಡೀಸೆಲ್ ಗಾಡಿಗಳಿಗೆ ಗೇಟು ಮುಚ್ಚಿತು. ಗುಡುಗನ ಹಳೆ ಲಾರಿಯನ್ನು ಗುಜರಿಯವರು ಎಳೆದುಕೊಂಡು ಹೋದ ದಿನ ಅವನು ಹಿಂದೆ ಹಿಂದೆ ಅರ್ಧ ಮೈಲಿ ನಡೆದು ಹೋಗಿ ವಾಪಸು ಬಂದ. ಅತ್ತಿಗೆ ಅವತ್ತು ಅವನನ್ನು ಕೆಣಕಲಿಲ್ಲ. ಲೈನಿನ ನಿದ್ದೆ ಮುಂದುವರಿಯಿತು. ಎಬ್ಬಿಸುವುದಕ್ಕೆ ಅತ್ತಿಗೆಯ ಕೆಟಲ್ಲಿನ ಮುಚ್ಚಳವೇ ಗತಿ. ಹಾಸಿಗೆಬಟ್ಟೆ ಸಂಜೆಯವರೆಗೂ ಬಿಳಿಯಾಗಿ ಉಳಿಯತೊಡಗಿತು. ಮೊದಮೊದಲು ಅವಳು ಅದನ್ನು ನಂಬದೆ ಎರಡೆರಡು ಸಲ ಮೂಸಿ ನೋಡುತ್ತಿದ್ದಳು. ಗಂಡ ಇರಬೇಕಿತ್ತು ಅಂತ ಅನಿಸುತ್ತಿತ್ತು, ಅನಿಸಿದಾಗ ಬಟ್ಟೆ ಮಡಚಿ ಒಳಗಿಡುತ್ತಿದ್ದಳು.

ಗುಡುಗನ ಗುರುಗುರು ಕ್ರಮೇಣ ಕಡಿಮೆಯಾಯಿತು. ಕೊನೆಕೊನೆಗೆ ರಿವರ್ಸಿನಲ್ಲಿ ಮಾತ್ರ ಉಳಿದಿತ್ತು, ಅದೂ ಅಭ್ಯಾಸಬಲ. ಆದರೆ ಫೈಲಮ್ಮ ಬಿಡಲಿಲ್ಲ. ಅವಳು ಮೇಲಿನ ಹುದ್ದೆಗೆ ಹೋದಳು, ಮದುವೆಯಾದಳು, ಒಂದು ಮಗುವಾಯಿತು. ಆದರೂ ಮೂರು ತಿಂಗಳಿಗೊಮ್ಮೆ ಬಂದು ಏಳನೇ ನಂಬರಿನ ಪಕ್ಕ ನಿಂತು ಕಿವಿಗೊಡುತ್ತಿದ್ದಳು. ಒಂದು ಸಲ ಗಾಡಿ ಕಟ್ಟುವ ಕಾರ್ಖಾನೆಯಿಂದ ಇಬ್ಬರು ಎಂಜಿನಿಯರುಗಳನ್ನು ಕರೆತಂದಳು. ಅವರು ಕಿವಿಗೆ ಏನೇನೋ ಸಿಕ್ಕಿಸಿಕೊಂಡು ದಿನವಿಡೀ ಗಾಡಿಯ ಹೊಟ್ಟೆ ಪರೀಕ್ಷೆ ಮಾಡಿದರು. ಗುಡುಗ ಪಕ್ಕದಲ್ಲೇ ಕೈಕಟ್ಟಿ ನಿಂತು, "ಗಂಟಲ ಹತ್ತಿರ ನೋಡಿ ಸಾರ್" ಅಂತ ಸಲಹೆ ಕೊಟ್ಟ. ಅತ್ತಿಗೆ ನಗು ತಡೆಯಲಾರದೆ ಮನೆಗೆ ಓಡಿದಳು.

"ಹೇಳಿಬಿಡೋ ಪಾಪ" ಅಂತ ಅವಳು ಒಂದೆರಡು ಸಲ ಅಂದಿದ್ದುಂಟು.

"ಹೇಳಿದ್ರೆ ಸ್ಟೂಲು. ರಿಟೈರಾಗಿ ಪಾಸು ವಾಪಸು ಕೊಡೋ ದಿನ ನೋಡೋಣ."

ಪಾಸು ವಾಪಸು ಕೊಡುವುದಕ್ಕೆ ನಾಲ್ಕು ತಿಂಗಳಿದ್ದಾಗ ಅವನ ಎದೆ ಕೈಕೊಟ್ಟಿತು. ಇನ್ನು ತೆಗೆಯಲಾಗದಷ್ಟು ಹೊಗೆ ಆಗಲೇ ಒಳಗೆ ಸೇರಿತ್ತು ಅಂದರು ಡಾಕ್ಟರು. ಆಸ್ಪತ್ರೆಯ ಹಾಸಿಗೆಯಲ್ಲಿ ಬೆಂಕಿಕಡ್ಡಿ ಇನ್ನೂ ತೆಳುವಾಗಿತ್ತು. ದನಿ ಕೇಳಬೇಕಾದರೆ ಬಗ್ಗಬೇಕಿತ್ತು. ಅತ್ತಿಗೆ ಅವನನ್ನು ನೋಡಲು ಹೋದ ದಿನ ಫೈಲಮ್ಮನೂ ಹಣ್ಣು ಹಿಡಿದು ಬಂದಿದ್ದಳು. ಬಹಳ ಹೊತ್ತು ಕೂತಳು. ಎದ್ದು ಹೊರಡುವಾಗ ತಡೆಯಲಾರದೆ ಕೇಳಿಯೇಬಿಟ್ಟಳು.

"ಏಳನೇ ನಂಬರು ಈಗ ಹೊಸಬರ ಕೈಯಲ್ಲಿದೆ. ಒಂದು ಸಲವೂ ಸದ್ದು ಬಂದಿಲ್ವಂತೆ. ಅದು ಹೇಗೆ?"

"ನನ್ನನ್ನ ನೆನೆಸ್ಕೊಂಡು ಸುಮ್ನಿದೆ ಮೇಡಂ" ಅಂದ ಗುಡುಗ.

ಅವಳು ಕಣ್ಣೊರೆಸಿಕೊಂಡು ಹೋದಳು. ಗುಡುಗನ ಹೆಂಡತಿ ಔಷಧಿ ತರಲು ಹೊರಗೆ ಹೋಗಿದ್ದಳು. ಗುಡುಗ ಬೆರಳಿನಿಂದ ಅತ್ತಿಗೆಯನ್ನು ಹತ್ತಿರ ಕರೆದ. ಅವಳು ಬಗ್ಗಿದಳು.

"ಅತ್ತಿಗೆ, ನಾನು ಹೋದ ಮೇಲೆ ಆ ಹುಡುಗಿಗೆ ನಿಜ ಹೇಳಿಬಿಡಿ. ಪಾಪ, ಎಷ್ಟು ಸಲ ಗಾಡಿ ಬಿಚ್ಚಿಸಿದ್ಲು."

"ಹೇಳ್ತೀನಿ."

ಅವನು ಕಣ್ಣು ಮುಚ್ಚಿ ಮಲಗಿದ. ನಿದ್ದೆ ಬಂತು ಅಂತ ಅವಳು ಹೊದಿಕೆ ಎಳೆದು ಏಳಲು ಹೋದಳು. ಅವನ ಕೈ ಅವಳ ಸೆರಗನ್ನು ಹಿಡಿಯಿತು.

"ಆದ್ರೆ ಅವಳು ನಂಬಬಾರದು ಅತ್ತಿಗೆ. ಹಾಗೆ ಹೇಳಿ."